ಕಂಪನಿ ಬಿಟ್ಟು ಸ್ವಂತ ದುಡಿಮೆಗೆ ಇಳಿದವರ ಆರೋಗ್ಯ ವಿಮೆ: ತಿಂಗಳುಗಳ ಲೆಕ್ಕ

ಲ್ಯಾಪ್‌ಟಾಪ್, ಐಡಿ ಕಾರ್ಡು ಒಪ್ಪಿಸಿ ಕಂಪನಿಯಿಂದ ಹೊರಬೀಳುವ ದಿನವೇ ಸಾಮಾನ್ಯವಾಗಿ ಅಲ್ಲಿನ ಗುಂಪು ವಿಮೆಯೂ ನಿಂತುಹೋಗುತ್ತದೆ. ಹೆಂಡತಿ ಅಥವಾ ಗಂಡ, ಮಕ್ಕಳು, ಪಾಲಿಸಿಯಲ್ಲಿ ಸೇರಿಸಿದ್ದರೆ ಅಪ್ಪ ಅಮ್ಮ, ಎಲ್ಲರ ರಕ್ಷಣೆಯೂ ಅಂದಿಗೆ ಮುಗಿಯಿತು. ಅನುವಾದ, ವಿನ್ಯಾಸ, ಕೋಡಿಂಗ್, ಫೋಟೊಗ್ರಫಿ, ವಿಡಿಯೊ ಎಡಿಟಿಂಗ್, ಟ್ಯೂಷನ್, ಲೆಕ್ಕಪತ್ರ ಹೀಗೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ, ಊರಿಗೆ ಮರಳಿ ಶಿರಸಿ ಪುತ್ತೂರುಗಳಲ್ಲೋ ಕೂತು ಸ್ವಂತವಾಗಿ ದುಡಿಯುವವರಿಗೆ ನೌಕರರ ರಾಜ್ಯ ವಿಮೆ (ಇಎಸ್‌ಐ) ಇಲ್ಲ. ಅದು ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವ ನೌಕರರಿಗೆ ಮಾತ್ರ. ಬಿಪಿಎಲ್ ಕಾರ್ಡೂ ಬಹಳ ಜನರ ಬಳಿ ಇರುವುದಿಲ್ಲ. ಉಳಿಯುವುದು ತಾವೇ ಕೊಳ್ಳುವ ಪಾಲಿಸಿ.

ಆಗ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಯಾವ ಕಂಪನಿಯದು ಒಳ್ಳೆಯದು? ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ, ಯಾವಾಗ ಕೊಳ್ಳಬೇಕು ಎಂಬುದು. ಆರೋಗ್ಯ ವಿಮೆಯಲ್ಲಿ ಹಣ ಕಟ್ಟಿದ ದಿನ ರಕ್ಷಣೆ ಪೂರ್ತಿ ಸಿಗುವುದಿಲ್ಲ. ಅವತ್ತು ಕೆಲವು ಗಡಿಯಾರಗಳು ಓಡಲು ಶುರುವಾಗುತ್ತವೆ, ಅಷ್ಟೇ. ಒಂದೊಂದು ಗಡಿಯಾರ ಮುಗಿದಾಗ ಪಾಲಿಸಿಯ ಒಂದೊಂದು ಬಾಗಿಲು ತೆರೆಯುತ್ತದೆ. ಮಧ್ಯೆ ಪಾಲಿಸಿ ತಪ್ಪಿದರೆ ಮತ್ತೆ ಸೊನ್ನೆಯಿಂದ ಎಣಿಕೆ. ಆದಾಯ ಒಂದು ತಿಂಗಳು ಬಂದು ಇನ್ನೊಂದು ತಿಂಗಳು ಬಾರದ ಫ್ರೀಲಾನ್ಸರ್‌ಗೆ ಹೆಚ್ಚಾಗಿ ಪೆಟ್ಟು ಬೀಳುವುದು ಇಲ್ಲೇ.

ಮೊದಲ ಗಡಿಯಾರ 30 ದಿನದ್ದು. ಅಪಘಾತ ಬಿಟ್ಟು ಬೇರೆ ಯಾವ ಕಾಯಿಲೆಗೂ ಈ ಅವಧಿಯಲ್ಲಿ ಹಣ ಸಿಗದು. ಪಾಲಿಸಿ ಪಡೆದ 20ನೇ ದಿನ ಡೆಂಗಿ ಬಂದು ಆಸ್ಪತ್ರೆ ಸೇರಿದರೆ ಖರ್ಚು ನಿಮ್ಮದೇ. ಎರಡನೆಯದು ನಿಗದಿತ ಕಾಯಿಲೆಗಳದ್ದು: ಕಣ್ಣಿನ ಪೊರೆ, ಹರ್ನಿಯಾ, ಮೂಲವ್ಯಾಧಿ, ಕಿಡ್ನಿ ಮತ್ತು ಪಿತ್ತಕೋಶದ ಕಲ್ಲು, ಸೈನಸ್, ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ, ಮಂಡಿ ಬದಲಾವಣೆಯಂಥವು. ಬಹುತೇಕ ಪಾಲಿಸಿಗಳಲ್ಲಿ ಇದು 24 ತಿಂಗಳು. ಮೂರನೆಯದು ಮೊದಲೇ ಇದ್ದ ಕಾಯಿಲೆಗಳದ್ದು: ಶುಗರ್, ಬಿಪಿ, ಥೈರಾಯ್ಡ್, ಆಸ್ತಮಾ. ಇದಕ್ಕೆ ಕಂಪನಿಗಳು ಹಿಂದೆ 48 ತಿಂಗಳವರೆಗೆ ಕಾಯಿಸಬಹುದಿತ್ತು; 2024ರ ಏಪ್ರಿಲ್‌ನಿಂದ ವಿಮಾ ನಿಯಂತ್ರಣ ಪ್ರಾಧಿಕಾರ (ಐಆರ್‌ಡಿಎಐ) ಗರಿಷ್ಠ ಮಿತಿಯನ್ನು 36 ತಿಂಗಳಿಗೆ ಇಳಿಸಿದೆ. ಹೆರಿಗೆಗೆ ಪ್ರತ್ಯೇಕ ಅವಧಿ ಇದೆ, ಕಂಪನಿಯಿಂದ ಕಂಪನಿಗೆ ಬಹಳ ವ್ಯತ್ಯಾಸ. ಎಷ್ಟೋ ಪಾಲಿಸಿಗಳಲ್ಲಿ ಹೆರಿಗೆ ಇರುವುದೇ ಇಲ್ಲ. ಕೊನೆಯ ಗಡಿಯಾರ 60 ತಿಂಗಳದ್ದು, ಅದರ ಮಾತು ಮುಂದೆ ಬರುತ್ತದೆ.

ಕೆಲಸ ಬಿಡುವ ಯೋಚನೆ ಇರುವವರಿಗೆ ಇದರಿಂದ ಬರುವ ಸಲಹೆ ನೇರವಾದದ್ದು. ಕಂಪನಿಯ ವಿಮೆ ಇರುವಾಗಲೇ ಸ್ವಂತ ಪಾಲಿಸಿ ಒಂದನ್ನು ಮಾಡಿಸಿಕೊಳ್ಳಿ. ಎರಡು ಪಾಲಿಸಿ ಇಟ್ಟುಕೊಳ್ಳುವುದು ತಪ್ಪಲ್ಲ, ನಷ್ಟವೂ ಅಲ್ಲ. ಕಂಪನಿಯ ವಿಮೆ ಕಾಯುವಷ್ಟು ಕಾಲ ಕಾಯಲಿ, ಅಷ್ಟರಲ್ಲಿ ಸ್ವಂತ ಪಾಲಿಸಿಯ ಗಡಿಯಾರ ಓಡಿರುತ್ತದೆ. ಎರಡು ವರ್ಷ ಮೊದಲೇ ಮಾಡಿಸಿದವರು ಕೆಲಸ ಬಿಡುವ ಹೊತ್ತಿಗೆ ಕಲ್ಲು, ಹರ್ನಿಯಾಗಳ ಅವಧಿಯನ್ನು ದಾಟಿರುತ್ತಾರೆ.

ಹಾಗೆ ಮಾಡಿರದಿದ್ದರೆ ಇನ್ನೊಂದು ದಾರಿ ಉಂಟು, ಬಹಳ ಜನರಿಗೆ ಗೊತ್ತಿಲ್ಲದ್ದು. ಗುಂಪು ವಿಮೆಯಿಂದ ಹೊರಬರುವವರು ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗವಾಗಬಹುದು. ಇದನ್ನು ಮೈಗ್ರೇಶನ್ ಎನ್ನುತ್ತಾರೆ. ಗುಂಪು ವಿಮೆಯಲ್ಲಿ ಕಳೆದ ವರ್ಷಗಳು, ಅಲ್ಲಿದ್ದ ವಿಮಾ ಮೊತ್ತದ ಮಟ್ಟಿಗೆ, ಕಾಯುವ ಅವಧಿಯಲ್ಲಿ ಜಮೆಯಾಗುತ್ತವೆ. ಕಂಪನಿಯಲ್ಲಿ ನಾಲ್ಕು ವರ್ಷ 3 ಲಕ್ಷದ ವಿಮೆ ಇತ್ತು, ಈಗ 10 ಲಕ್ಷದ ಪಾಲಿಸಿಗೆ ಬರುತ್ತೀರಿ ಎಂದುಕೊಳ್ಳಿ. ಮೊದಲ 3 ಲಕ್ಷಕ್ಕೆ ಹಳೆಯ ಅವಧಿ ಲೆಕ್ಕಕ್ಕೆ ಬರುತ್ತದೆ, ಉಳಿದ 7 ಲಕ್ಷಕ್ಕೆ ಹೊಸದಾಗಿ ಕಾಯಬೇಕು. ಪ್ರೀಮಿಯಂ ಮಾತ್ರ ವೈಯಕ್ತಿಕ ಪಾಲಿಸಿಯ ದರದಲ್ಲೇ ಇರುತ್ತದೆ. ಇದಕ್ಕೆ ಅರ್ಜಿ ಕೊನೆಯ ಕೆಲಸದ ದಿನಕ್ಕೆ ಮೊದಲೇ ಹೋಗಬೇಕು, ನೋಟಿಸ್ ಅವಧಿಯ ಮೊದಲ ವಾರವೇ ಕೊಡುವುದು ಕ್ಷೇಮ. ಎಚ್‌ಆರ್ ವಿಭಾಗದಿಂದ ಇವನ್ನು ಇಮೇಲ್‌ನಲ್ಲಿ ಕೇಳಿ ಪಡೆಯಿರಿ: ಗುಂಪು ಪಾಲಿಸಿಯ ಸಂಖ್ಯೆ ಮತ್ತು ವಿಮಾ ಕಂಪನಿಯ ಹೆಸರು, ಯಾವ ದಿನಾಂಕದಿಂದ ನೀವೂ ಮನೆಯವರೂ ಸೇರಿದ್ದೀರಿ ಎಂಬ ವಿವರ, ಪ್ರತಿ ವರ್ಷದ ವಿಮಾ ಮೊತ್ತ, ಮಾಡಿದ ಕ್ಲೇಮುಗಳ ಪಟ್ಟಿ. ಕೆಲಸ ಬಿಟ್ಟು ಆರು ತಿಂಗಳ ಮೇಲೆ ಈ ಕಾಗದ ಕೇಳಿದರೆ ಉತ್ತರಿಸುವವರು ಸಿಗುವುದು ಕಷ್ಟ. ಹಳೆಯ ವಿಮಾ ಕಂಪನಿ ಹಿಡಿಸದಿದ್ದರೂ ಮೊದಲು ಅದರ ವೈಯಕ್ತಿಕ ಪಾಲಿಸಿಗೆ ಬನ್ನಿ. ಒಂದು ವರ್ಷ ಕಳೆದ ಮೇಲೆ ಪೋರ್ಟ್ ಮಾಡಿಸಿ ಬೇರೆ ಕಂಪನಿಗೆ ಹೋಗಬಹುದು. ನವೀಕರಣದ ದಿನಕ್ಕೆ ಕನಿಷ್ಠ 45 ದಿನ ಮುಂಚೆ ಪೋರ್ಟ್ ಅರ್ಜಿ ಹಾಕಿದರೆ ಹಳೆಯ ಅವಧಿಯೂ ಜೊತೆಗೇ ಬರುತ್ತದೆ. ಹೊಸ ಕಂಪನಿ ಅರ್ಜಿಯನ್ನು ತಿರಸ್ಕರಿಸುವ ಹಕ್ಕು ಇಟ್ಟುಕೊಂಡಿರುವುದರಿಂದ, ಒಪ್ಪಿಗೆ ಪತ್ರ ಕೈಗೆ ಬರುವವರೆಗೆ ಹಳೆಯದನ್ನು ಬಿಡಬೇಡಿ.

ಅರ್ಜಿಯ ಆ ಒಂದು ಪುಟ

ಪ್ರಪೋಸಲ್ ಫಾರಂ ಎಂಬ ಅರ್ಜಿಯಲ್ಲಿ ಆರೋಗ್ಯದ ಪ್ರಶ್ನೆಗಳಿರುವ ಪುಟವೇ ಇಡೀ ಪಾಲಿಸಿಯ ತಳಪಾಯ. ಎತ್ತರ, ತೂಕ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ, ಆಗಿರುವ ಶಸ್ತ್ರಚಿಕಿತ್ಸೆ, ವೈದ್ಯರು ಹೇಳಿದ ಪರೀಕ್ಷೆ, ಬೀಡಿ ಸಿಗರೇಟು ಮದ್ಯ, ಹಿಂದೆ ಯಾವುದಾದರೂ ಕಂಪನಿ ಅರ್ಜಿ ತಿರಸ್ಕರಿಸಿದೆಯೇ ಎಂಬ ಪ್ರಶ್ನೆ. ಏಜೆಂಟ್ ಫೋನಿನಲ್ಲಿ ಹೆಸರು, ಹುಟ್ಟಿದ ದಿನಾಂಕ ಕೇಳಿಕೊಂಡು ಉಳಿದದ್ದಕ್ಕೆಲ್ಲ 'ಇಲ್ಲ' ಎಂದು ಗುರುತು ಹಾಕಿ, ಒಟಿಪಿ ಹೇಳಿ ಎಂದು ಬಿಡುವುದುಂಟು. ಆ ಒಟಿಪಿ ನಿಮ್ಮ ಸಹಿ. ಮುಂದೆ ಏಜೆಂಟ್ ಹಾಕಿದ್ದು ಎಂದರೆ ಯಾರೂ ಕೇಳುವುದಿಲ್ಲ.

ತಪ್ಪು ಹೊರಬೀಳುವ ಜಾಗವನ್ನು ಹತ್ತಿರದಿಂದ ನೋಡಿ. ಎದೆನೋವೆಂದು ರಾತ್ರಿ ಕ್ಯಾಜುವಾಲ್ಟಿಗೆ ಕರೆತಂದಿದ್ದಾರೆ. ಡ್ಯೂಟಿ ಡಾಕ್ಟರು ಜೊತೆಗಿದ್ದವರನ್ನು ಕೇಳುತ್ತಾರೆ, 'ಬಿಪಿ, ಶುಗರ್ ಏನಾದ್ರೂ ಇದ್ಯಾ?' ಗಾಬರಿಯಲ್ಲಿದ್ದ ತಮ್ಮ ಹೇಳುತ್ತಾನೆ, 'ಬಿಪಿ ಇದೆ ಸರ್, ಒಂದೈದು ವರ್ಷ ಆಯ್ತು.' ಕೇಸ್ ಷೀಟ್‌ನಲ್ಲಿ ಒಂದು ಸಾಲು ಬರೆಯಲಾಗುತ್ತದೆ. ಅದೇ ಸಾಲು ಡಿಸ್ಚಾರ್ಜ್ ಸಮ್ಮರಿಗೆ ಹೋಗುತ್ತದೆ. ಪಾಲಿಸಿ ಮಾಡಿಸಿ ಎರಡೇ ವರ್ಷ, ಅರ್ಜಿಯಲ್ಲಿ ಬಿಪಿ 'ಇಲ್ಲ' ಎಂದಿದೆ. ಕ್ಲೇಮು ತಿರಸ್ಕಾರವಾಗುವುದಷ್ಟೇ ಅಲ್ಲ, ಮಾಹಿತಿ ಮುಚ್ಚಿಟ್ಟ ಕಾರಣಕ್ಕೆ ಪಾಲಿಸಿಯೇ ರದ್ದಾಗಬಹುದು. ನಿಜಕ್ಕೂ ಬಿಪಿ ಗೊತ್ತಾಗಿ ಒಂದೇ ವರ್ಷ ಆಗಿದ್ದು, ತಮ್ಮ ಅಂದಾಜಿನಲ್ಲಿ ಐದು ಎಂದಿದ್ದರೂ ತೊಂದರೆ ತಪ್ಪದು. ಆಗ ಚಿಕಿತ್ಸೆ ಕೊಟ್ಟ ವೈದ್ಯರಿಂದ, ಹಳೆಯ ಚೀಟಿಗಳ ಆಧಾರದ ಮೇಲೆ, ತಿದ್ದುಪಡಿಯ ಪತ್ರ ಪಡೆಯಬೇಕಾಗುತ್ತದೆ. ಮನೆಯವರಿಗೆಲ್ಲ ನಿಮ್ಮ ಕಾಯಿಲೆಯ ಇತಿಹಾಸ ಸರಿಯಾಗಿ ತಿಳಿಸಿಡಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಲಿ, ಅಂದಾಜು ಹೇಳದಿರಲಿ.

ಇದ್ದದ್ದನ್ನು ಇದ್ದಂತೆ ಬರೆದರೆ ಆಗುವುದೇನು? ಕಂಪನಿ ರಕ್ತಪರೀಕ್ಷೆ, ಇಸಿಜಿ ಮಾಡಿಸಬಹುದು. ಪ್ರೀಮಿಯಂ ಮೇಲೆ ಲೋಡಿಂಗ್ ಎಂದು ಹೆಚ್ಚುವರಿ ಹಣ ಕೇಳಬಹುದು, ಆ ಕಾಯಿಲೆಗೆ ಕಾಯುವ ಅವಧಿ ಹಾಕಬಹುದು, ಅರ್ಜಿ ಬೇಡವೆನ್ನಲೂಬಹುದು. ಬೇಡವೆಂದರೆ ಇನ್ನೊಂದು ಕಂಪನಿ ಇದೆ. ಶುಗರ್ ಇರುವವರಿಗೆಂದೇ ಇರುವ ಪಾಲಿಸಿಗಳೂ ಇವೆ. ಲೋಡಿಂಗ್ ಕಟ್ಟಿ ಪಡೆದ ಪಾಲಿಸಿ ಮುಚ್ಚಿಟ್ಟು ಅಗ್ಗದಲ್ಲಿ ಪಡೆದ ಪಾಲಿಸಿಗಿಂತ ನೂರು ಪಾಲು ಮೇಲು. ಇಲ್ಲಿಯೇ ಆ 60 ತಿಂಗಳ ಗಡಿಯಾರದ ಮಾತು. ಪಾಲಿಸಿ ಸತತ 60 ತಿಂಗಳು ನಡೆದ ಮೇಲೆ ಮಾಹಿತಿ ಮುಚ್ಚಿಟ್ಟಿದ್ದಾರೆ ಎಂಬ ಕಾರಣಕ್ಕೆ ಕಂಪನಿ ಕ್ಲೇಮು ತಿರಸ್ಕರಿಸುವಂತಿಲ್ಲ. ವಂಚನೆ ಸಾಬೀತಾದರೆ ಮಾತ್ರ ಅವಕಾಶ. ಹಿಂದೆ ಇದು 8 ವರ್ಷವಿತ್ತು, 2024ರಲ್ಲಿ 5ಕ್ಕೆ ಇಳಿಯಿತು. ಮಧ್ಯೆ ವಿಮಾ ಮೊತ್ತ ಹೆಚ್ಚಿಸಿಕೊಂಡರೆ ಹೆಚ್ಚಿಸಿದ ಭಾಗಕ್ಕೆ ಹೊಸದಾಗಿ 60 ತಿಂಗಳು. ಈ ನಿಯಮ ನಂಬಿಕೊಂಡು ಸುಳ್ಳು ಬರೆಯುವುದು ಮಾತ್ರ ಅಪಾಯ. ಗೊತ್ತಿದ್ದೂ ಮುಚ್ಚಿಟ್ಟದ್ದನ್ನೇ ವಂಚನೆ ಎಂದು ವಾದಿಸಲು ಕಂಪನಿಗೆ ದಾರಿ ಇದ್ದೇ ಇದೆ.

ವೃತ್ತಿ ಎಂಬ ಕಾಲಂನಲ್ಲಿ 'ಸ್ವಯಂ ಉದ್ಯೋಗಿ' ಎಂದಷ್ಟೇ ಬರೆಯದೆ ಮಾಡುವ ಕೆಲಸವನ್ನೂ ಬರೆಯಿರಿ. ಆಸ್ಪತ್ರೆ ಖರ್ಚಿನ ಸಾಮಾನ್ಯ ಪಾಲಿಸಿಗೆ ಆದಾಯದ ದಾಖಲೆ ಬೇಡ. ಗುರುತು, ವಿಳಾಸ, ಪ್ಯಾನ್ ಇದ್ದರೆ ನಡೆಯುತ್ತದೆ. ಅಪಘಾತ ವಿಮೆ, ಗಂಭೀರ ಕಾಯಿಲೆಗೆ ಇಡಿಗಂಟು ಕೊಡುವ ವಿಮೆಗಳಲ್ಲಿ ದೊಡ್ಡ ಮೊತ್ತ ಬೇಕಾದರೆ ಐಟಿ ರಿಟರ್ನ್ ಕೇಳುತ್ತಾರೆ. ಆದಾಯ ಕಡಿಮೆ ತೋರಿಸಿದವರಿಗೆ ಅಲ್ಲಿ ಸಿಗುವ ಮೊತ್ತವೂ ಕಡಿಮೆಯೇ.

ಪಾಲಿಸಿ ಬಂದ ಮೇಲೆ 30 ದಿನ ಫ್ರೀ ಲುಕ್ ಅವಧಿ. ಅಷ್ಟರೊಳಗೆ ಅರ್ಜಿಯ ಪ್ರತಿಯನ್ನು ಬಿಡಿಸಿ ಓದಿ. ತಪ್ಪಿದ್ದರೆ ಇಮೇಲ್‌ನಲ್ಲಿ ತಿದ್ದಿಸಿ, ಹಿಡಿಸದಿದ್ದರೆ ವಾಪಸ್ ಮಾಡಿ. ಪಾಲಿಸಿಯ ಜೊತೆ ಗ್ರಾಹಕರ ಮಾಹಿತಿ ಹಾಳೆ ಎಂಬ ಸಾರಾಂಶ ಕೊಡುವುದು 2024ರ ಜನವರಿಯಿಂದ ಹೊಸ ರೂಪದಲ್ಲಿ ಕಡ್ಡಾಯವಾಗಿದೆ. ಅದನ್ನು ಸ್ಥಳೀಯ ಭಾಷೆಯಲ್ಲಿ ಕೇಳಿ ಪಡೆಯುವ ಹಕ್ಕು ಗ್ರಾಹಕರದು. ಮನೆಯಲ್ಲಿ ಕನ್ನಡ ಮಾತ್ರ ಓದುವವರ ಹೆಸರೂ ಪಾಲಿಸಿಯಲ್ಲಿದ್ದರೆ ಕನ್ನಡದ್ದನ್ನೇ ಕೇಳಿ.

ರೂಮು ಬಾಡಿಗೆ ಇಡೀ ಬಿಲ್ಲನ್ನು ಕತ್ತರಿಸುವ ಬಗೆ

ಪಾಲಿಸಿಗಳನ್ನು ಹೋಲಿಸುವಾಗ ಮೊದಲು ನೋಡಬೇಕಾದದ್ದು ರೂಮು ಬಾಡಿಗೆಯ ಮಿತಿ. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿರುವ ಬೋನಸ್‌ಗಿಂತ ಇದು ಮುಖ್ಯ.

ಲೆಕ್ಕ ಹೀಗೆ. 5 ಲಕ್ಷದ ಪಾಲಿಸಿ, ರೂಮು ಬಾಡಿಗೆ ವಿಮಾ ಮೊತ್ತದ ಶೇ 1, ಅಂದರೆ ದಿನಕ್ಕೆ 5,000 ರೂಪಾಯಿ. ಆಸ್ಪತ್ರೆಯಲ್ಲಿ 8,000ದ ರೂಮು ತೆಗೆದುಕೊಂಡಿರಿ, ನಾಲ್ಕು ದಿನ ಇದ್ದಿರಿ. ಬಿಲ್: ರೂಮು 32,000, ಸರ್ಜನ್, ಅರಿವಳಿಕೆ ವೈದ್ಯರು, ಆಪರೇಷನ್ ಥಿಯೇಟರ್, ನರ್ಸಿಂಗ್ ಸೇರಿ 1,20,000, ಔಷಧ 40,000, ದೇಹದೊಳಗೆ ಕೂರಿಸುವ ಇಂಪ್ಲಾಂಟ್ 60,000, ಪರೀಕ್ಷೆಗಳು 18,000. ಒಟ್ಟು 2,70,000. ದಿನಕ್ಕೆ 3,000ದಂತೆ ನಾಲ್ಕು ದಿನಕ್ಕೆ 12,000 ನಾವು ಕೊಟ್ಟರೆ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಆದರೆ 5,000ಕ್ಕೂ 8,000ಕ್ಕೂ ಇರುವ ಅನುಪಾತ ಶೇ 62.5. ವೈದ್ಯರ ಶುಲ್ಕ, ಥಿಯೇಟರ್ ಮುಂತಾದ 1,20,000ಕ್ಕೂ ಅದೇ ಅನುಪಾತ ಹಿಡಿದು ಕಂಪನಿ 75,000 ಮಾತ್ರ ಕೊಡುತ್ತದೆ. ಆ ಬಾಬಿನಲ್ಲಿ 45,000, ರೂಮಿನದು 12,000, ಕೈಯಿಂದ ಹೋದದ್ದು 57,000 ರೂಪಾಯಿ. ಆಸ್ಪತ್ರೆಗಳು ರೂಮಿನ ದರ್ಜೆ ನೋಡಿ ವೈದ್ಯರ ಶುಲ್ಕವನ್ನೂ ಏರಿಸುತ್ತವೆ ಎಂಬುದು ಈ ಕಡಿತದ ಹಿಂದಿನ ತರ್ಕ. ಔಷಧ, ಇಂಪ್ಲಾಂಟ್, ಪರೀಕ್ಷೆಗಳಿಗೆ ಈ ಕಡಿತ ಹಾಕುವಂತಿಲ್ಲ, ಐಸಿಯು ಬಾಡಿಗೆಗೂ ಇಲ್ಲ. ರೂಮು ಯಾವುದಾದರೂ ಒಂದೇ ದರ ಇರುವ ಆಸ್ಪತ್ರೆಯಲ್ಲಿಯೂ ಹಾಕುವಂತಿಲ್ಲ. ಕಡಿತ ಕಂಡರೆ ಇವನ್ನು ಎತ್ತಿ ಕೇಳಿ.

ಆದ್ದರಿಂದ ರೂಮಿಗೆ ಮಿತಿ ಇಲ್ಲದ, ಇಲ್ಲವೇ 'ಸಿಂಗಲ್ ಪ್ರೈವೇಟ್ ರೂಮು' ಎಂದು ದರ್ಜೆಯಲ್ಲಿ ಹೇಳುವ ಪಾಲಿಸಿ ಆರಿಸಿ. ಮಿತಿ ಇರುವ ಪಾಲಿಸಿ ಕೈಯಲ್ಲಿದ್ದರೆ ಅಡ್ಮಿಷನ್ ಕೌಂಟರಿನಲ್ಲಿ ದರಪಟ್ಟಿ ಕೇಳಿ ಮಿತಿಯೊಳಗಿನ ರೂಮನ್ನೇ ತೆಗೆದುಕೊಳ್ಳಿ. ಎಲ್ಲ ಕಂಪನಿಗಳೂ ಮಾರುವ ಆರೋಗ್ಯ ಸಂಜೀವಿನಿ ಎಂಬ ಒಂದೇ ನಮೂನೆಯ ಪಾಲಿಸಿ 2020ರಲ್ಲಿ ಬಂತು. ಷರತ್ತುಗಳು ಎಲ್ಲ ಕಂಪನಿಗಳಲ್ಲೂ ಒಂದೇ, ಬೆಲೆ ಬೇರೆ. ಅದರಲ್ಲಿ ರೂಮಿಗೆ ವಿಮಾ ಮೊತ್ತದ ಶೇ 2, ಗರಿಷ್ಠ 5,000. ಐಸಿಯುಗೆ ಶೇ 5, ಗರಿಷ್ಠ 10,000. ಪ್ರತಿ ಕ್ಲೇಮಿನಲ್ಲೂ ಶೇ 5 ನಮ್ಮ ಪಾಲು. ತಾಲ್ಲೂಕು, ಜಿಲ್ಲಾ ಕೇಂದ್ರಗಳ ಆಸ್ಪತ್ರೆಗೆ ಇದು ಸಾಕಾಗಬಹುದು, ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಸಾಲದು.

ಊರಿಗೆ ಮರಳಿದ ಫ್ರೀಲಾನ್ಸರ್‌ಗಳು ಗಮನಿಸಬೇಕಾದ ಇನ್ನೊಂದು ಷರತ್ತು ವಲಯದ್ದು. ಹಲವು ಕಂಪನಿಗಳು ಊರುಗಳನ್ನು ವಲಯಗಳಾಗಿ ವಿಂಗಡಿಸಿ ದೊಡ್ಡ ನಗರದವರಿಗೆ ಹೆಚ್ಚು, ಸಣ್ಣ ಊರಿನವರಿಗೆ ಕಡಿಮೆ ಪ್ರೀಮಿಯಂ ಹಾಕುತ್ತವೆ. ಶಿರಸಿಯ ವಿಳಾಸ ಕೊಟ್ಟು ಅಗ್ಗದಲ್ಲಿ ಪಡೆದ ಪಾಲಿಸಿಯಲ್ಲಿ, ಮೇಲಿನ ವಲಯದ ನಗರದಲ್ಲಿ ಚಿಕಿತ್ಸೆ ಪಡೆದರೆ ಬಿಲ್ಲಿನ ಒಂದು ಪಾಲು ನಿಮ್ಮದು ಎಂಬ ಕೋ-ಪೇ ಷರತ್ತು ಇರಬಹುದು. ದೊಡ್ಡ ಕಾಯಿಲೆಗೆ ನಾವು ಹೋಗುವುದು ಬೆಂಗಳೂರಿಗೇ ತಾನೇ? ಉಳಿಸಿದ ಪ್ರೀಮಿಯಂ ಒಂದೇ ಬಿಲ್ಲಿನಲ್ಲಿ ಹೋಗುತ್ತದೆ.

ಎಷ್ಟು ಮೊತ್ತದ್ದು ಬೇಕು? ನಮ್ಮ ಅಭಿಪ್ರಾಯದಲ್ಲಿ ಬೆಂಗಳೂರಿನ ಆಸ್ಪತ್ರೆಗಳನ್ನು ನೆಚ್ಚಿಕೊಂಡವರಿಗೆ 10 ಲಕ್ಷಕ್ಕಿಂತ ಕಡಿಮೆ ಬೇಡ. ಒಟ್ಟಿಗೆ ಅಷ್ಟು ಕಟ್ಟಲಾಗದಿದ್ದರೆ 5 ಲಕ್ಷದ ಮೂಲ ಪಾಲಿಸಿ, ಅದರ ಮೇಲೆ 5 ಲಕ್ಷ ಡಿಡಕ್ಟಿಬಲ್ (ಖರ್ಚು ಅಷ್ಟು ದಾಟಿದ ಮೇಲಷ್ಟೇ ಹಣ ಕೊಡುವ ಮಿತಿ) ಇರುವ ಸೂಪರ್ ಟಾಪ್-ಅಪ್ ಸೇರಿಸಿ. 'ಸೂಪರ್' ಎಂಬ ಪದ ಇಲ್ಲಿ ಅಲಂಕಾರಕ್ಕಲ್ಲ. ವರ್ಷದಲ್ಲಿ ಎರಡು ಬಾರಿ ಆಸ್ಪತ್ರೆ ಸೇರಿ ಒಮ್ಮೆ 4 ಲಕ್ಷ, ಇನ್ನೊಮ್ಮೆ 3 ಲಕ್ಷ ಖರ್ಚಾಯಿತು ಎನ್ನಿ. ಬರೀ ಟಾಪ್-ಅಪ್ ಪ್ರತಿ ಬಿಲ್ಲನ್ನೂ ಬೇರೆಬೇರೆಯಾಗಿ ನೋಡುತ್ತದೆ. ಯಾವುದೂ 5 ಲಕ್ಷ ದಾಟಿಲ್ಲ, ಹಾಗಾಗಿ ಒಂದು ರೂಪಾಯಿಯೂ ಬಾರದು. ಸೂಪರ್ ಟಾಪ್-ಅಪ್ ವರ್ಷದ ಒಟ್ಟು 7 ಲಕ್ಷ ನೋಡಿ ಮೇಲಿನ 2 ಲಕ್ಷ ಕೊಡುತ್ತದೆ. ಅಪ್ಪ ಅಮ್ಮನನ್ನು ನಿಮ್ಮ ಫ್ಲೋಟರ್‌ಗೆ, ಅಂದರೆ ಇಡೀ ಕುಟುಂಬ ಒಂದೇ ಮೊತ್ತ ಹಂಚಿಕೊಳ್ಳುವ ಪಾಲಿಸಿಗೆ, ಸೇರಿಸಬೇಡಿ. ಫ್ಲೋಟರ್‌ನ ಪ್ರೀಮಿಯಂ ಅತ್ಯಂತ ಹಿರಿಯರ ವಯಸ್ಸಿಗೆ ತಕ್ಕಂತೆ ನಿಗದಿಯಾಗುತ್ತದೆ. 68ರ ತಂದೆ ಸೇರಿದರೆ 36ರ ಮಗನ ಪಾಲಿಸಿಯೂ ದುಬಾರಿ, ಅವರ ಚಿಕಿತ್ಸೆಗೇ ಮೊತ್ತ ಕರಗಿದರೆ ಮಕ್ಕಳಿಗೆ ಉಳಿಯುವುದಿಲ್ಲ. ಅವರಿಗೆ ಪ್ರತ್ಯೇಕ ಪಾಲಿಸಿ ಮಾಡಿಸಿ. 65 ದಾಟಿದವರಿಗೂ ಪಾಲಿಸಿ ಮಾರುವ ದಾರಿ 2024ರಲ್ಲಿ ತೆರೆದಿದೆ. 60 ದಾಟಿದವರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚಿಸಬೇಕಾದರೆ ಪ್ರಾಧಿಕಾರದ ಜೊತೆ ಮೊದಲೇ ಮಾತಾಡಬೇಕು ಎಂಬ ಆದೇಶ 2025ರ ಜನವರಿಯದು.

ದುಡ್ಡಿನ ಮಾತು

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬದ ಆರೋಗ್ಯ ವಿಮೆಯ ಮೇಲಿದ್ದ ಶೇ 18ರ ಜಿಎಸ್‌ಟಿ ತೆಗೆದುಹಾಕಲಾಗಿದೆ. ತೆರಿಗೆ ಸೇರಿ 23,600 ಕಟ್ಟುತ್ತಿದ್ದವರಿಗೆ ಈಗ 20,000. ಆದರೆ ಕಂಪನಿಗಳಿಗೆ ತಮ್ಮ ಖರ್ಚಿನ ಮೇಲಿನ ಜಿಎಸ್‌ಟಿಯನ್ನು ಹೊಂದಿಸಿಕೊಳ್ಳುವ ಸೌಲಭ್ಯ ತಪ್ಪಿರುವುದರಿಂದ ಮೂಲ ದರ ಏರುವ ಸಾಧ್ಯತೆ ಇದೆ. ನವೀಕರಣ ಪತ್ರದಲ್ಲಿ ಹಿಂದಿನ ವರ್ಷದ ತೆರಿಗೆಯಿಲ್ಲದ ಮೊತ್ತದ ಜೊತೆ ಹೋಲಿಸಿ ನೋಡಿ. ಗುಂಪು ವಿಮೆಗೆ ಈ ವಿನಾಯಿತಿ ಇಲ್ಲ. ಫ್ರೀಲಾನ್ಸರ್‌ಗಳನ್ನು ಸದಸ್ಯರಾಗಿಸಿಕೊಂಡು ಅಗ್ಗದ ಗುಂಪು ವಿಮೆ ಕೊಡುವ ಆ್ಯಪ್‌ಗಳಿಗೆ ಸೇರುವ ಮುನ್ನ ಇದೂ ಲೆಕ್ಕಕ್ಕಿರಲಿ. ಅಲ್ಲಿ ಪಾಲಿಸಿ ಇರುವುದು ಆ ಸಂಸ್ಥೆಯ ಹೆಸರಿನಲ್ಲಿ. ಅವರು ಮುಂದಿನ ವರ್ಷ ಒಪ್ಪಂದ ಮುಂದುವರಿಸದಿದ್ದರೆ ನಿಮ್ಮ ರಕ್ಷಣೆಗೂ ತೆರೆ. ವೈಯಕ್ತಿಕ ಪಾಲಿಸಿಯನ್ನಾದರೋ ನೀವು ಕ್ಲೇಮು ಮಾಡಿದಿರಿ ಎಂಬ ಕಾರಣಕ್ಕೆ ಕಂಪನಿ ನವೀಕರಿಸದೆ ಇರುವಂತಿಲ್ಲ.

ಪ್ರೀಮಿಯಂ ಅನ್ನು ವೃತ್ತಿಯ ಖರ್ಚೆಂದು ಆದಾಯದಿಂದ ಕಳೆಯಲು ಬರುವುದಿಲ್ಲ, ಅದು ಸ್ವಂತ ಖರ್ಚು. 80ಡಿ ಎಂದು ಎಲ್ಲರ ಬಾಯಲ್ಲಿರುವ ರಿಯಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ: ತಮಗೆ ಮತ್ತು ಹೆಂಡತಿ ಮಕ್ಕಳಿಗೆ 25,000, ಹಿರಿಯ ನಾಗರಿಕರಾದ ಅಪ್ಪ ಅಮ್ಮನ ಪಾಲಿಸಿಗೆ 50,000 ರೂಪಾಯಿವರೆಗೆ. ನಗದು ಕೊಟ್ಟರೆ ರಿಯಾಯಿತಿ ಇಲ್ಲ. ಸಂಬಳದಾರರು ಪ್ರತಿ ವರ್ಷ ಪದ್ಧತಿ ಬದಲಿಸಬಹುದು. ವೃತ್ತಿ ಆದಾಯ ಇರುವವರು ಹೊಸದನ್ನು ಬಿಟ್ಟು ಹಳೆಯದಕ್ಕೆ ಹೋದರೆ ಮರಳಲು ಒಂದೇ ಅವಕಾಶ. ಬರೀ ವಿಮೆಯ ರಿಯಾಯಿತಿಗಾಗಿ ಹಳೆಯ ಪದ್ಧತಿಗೆ ಹೋಗುವುದು ಬಹುಪಾಲು ಜನರಿಗೆ ಲಾಭವಲ್ಲ. ಲೆಕ್ಕಿಗರ ಹತ್ತಿರ ಎರಡೂ ಬಗೆಯಲ್ಲಿ ಲೆಕ್ಕ ಹಾಕಿಸಿ.

ತಿಂಗಳ ಕಂತಿನಲ್ಲಿ ಕಟ್ಟುವ ಆಯ್ಕೆ ಫ್ರೀಲಾನ್ಸರ್‌ಗಳಿಗೆ ಹಿತವೆನಿಸುತ್ತದೆ, ಅಪಾಯವೂ ಅದರಲ್ಲೇ ಇದೆ. ಗ್ರಾಹಕರ ಬಾಕಿ ಬಂದಿಲ್ಲ, ಖಾತೆಯಲ್ಲಿ ಹಣವಿಲ್ಲ, ಆಟೊ ಡೆಬಿಟ್ ಬೌನ್ಸ್ ಆಯಿತು. ತಿಂಗಳ ಕಂತಿಗೆ ಸಿಗುವ ಹೆಚ್ಚುವರಿ ಕಾಲಾವಕಾಶ 15 ದಿನ ಮಾತ್ರ, ವಾರ್ಷಿಕ ಕಂತಿಗಾದರೆ 30 ದಿನ. ಅದೂ ಮೀರಿದರೆ ಪಾಲಿಸಿ ಕಳೆಯಿತು, ಮೂರು ವರ್ಷ ಓಡಿದ್ದ ಗಡಿಯಾರಗಳೂ ಅದರೊಂದಿಗೇ ಹೋದವು. ವರ್ಷಕ್ಕೆ ಹನ್ನೆರಡು ಸಲ ಈ ಅಪಾಯಕ್ಕೆ ಒಡ್ಡಿಕೊಳ್ಳುವ ಬದಲು, ದೊಡ್ಡ ಬಿಲ್ ಪಾಸಾಗುವ ತಿಂಗಳಿಗೆ ಹೊಂದುವಂತೆ ಪಾಲಿಸಿ ಶುರುಮಾಡಿ ವರ್ಷದ್ದನ್ನು ಒಟ್ಟಿಗೆ ಕಟ್ಟುವುದು ಲೇಸು. ಚೆನ್ನಾಗಿ ದುಡಿದ ವರ್ಷ ಎರಡು ಮೂರು ವರ್ಷದ್ದನ್ನು ಕಟ್ಟಿಬಿಟ್ಟರೆ ರಿಯಾಯಿತಿಯೂ ಉಂಟು, ಆ ಅವಧಿಗೆ ದರ ಏರಿಕೆಯ ಚಿಂತೆಯೂ ಇಲ್ಲ.

ಆಸ್ಪತ್ರೆ ಖರ್ಚು ವಿಮೆ ಕೊಟ್ಟರೂ ಮಲಗಿದ ದಿನಗಳ ದುಡಿಮೆಯನ್ನು ಯಾರೂ ಕೊಡುವುದಿಲ್ಲ. ಸಂಬಳದ ರಜೆ ಇಲ್ಲದವರಿಗೆ ಇದು ದೊಡ್ಡ ಪೆಟ್ಟು. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ ಅಪಘಾತದ ಸಾವಿಗೆ, ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ ಕೊಡುತ್ತದೆ. ಅದು ಎಲ್ಲರಿಗೂ ಇರಲಿ. ಕೈ ಮುರಿದು ಎರಡು ತಿಂಗಳು ಕೀಬೋರ್ಡ್ ಮುಟ್ಟಲಾಗದವರಿಗೆ ಅದರಿಂದ ಏನೂ ಸಿಗದು. ಅದಕ್ಕೆ ವಾರದ ಲೆಕ್ಕದಲ್ಲಿ ತಾತ್ಕಾಲಿಕ ಅಂಗವೈಕಲ್ಯದ ಪರಿಹಾರ ಸೇರಿಸಿದ ವೈಯಕ್ತಿಕ ಅಪಘಾತ ವಿಮೆ ಬೇಕು.

ಸರ್ಕಾರಿ ಯೋಜನೆಗಳೂ ಇವೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ದರ) ಶೇ 30, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ತುರ್ತು ಚಿಕಿತ್ಸೆಗಳನ್ನು ಬಿಟ್ಟರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಇರಬೇಕು. ಸಹಕಾರ ಸಂಘದ ಸದಸ್ಯರಾಗಿರುವ ಕುಟುಂಬಗಳಿಗೆ ಯಶಸ್ವಿನಿ ಇದೆ. ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಂಘದಲ್ಲಿ ಷೇರು ಇರುವವರು ಅಲ್ಲಿನ ಕಾರ್ಯದರ್ಶಿಯನ್ನು ನೋಂದಣಿ ದಿನಾಂಕ ಕೇಳಿಟ್ಟುಕೊಳ್ಳಿ. 2025ರ ರಾಜ್ಯದ ಗಿಗ್ ಕಾರ್ಮಿಕರ ಕಾಯ್ದೆ ಆ್ಯಪ್‌ಗಳ ಮೂಲಕ ದುಡಿಯುವವರದು, ನೇರವಾಗಿ ಗ್ರಾಹಕರಿಗೆ ಕೆಲಸ ಮಾಡಿಕೊಡುವ ಫ್ರೀಲಾನ್ಸರ್‌ಗೆ ಅದು ಅನ್ವಯಿಸುವುದಿಲ್ಲ.

ಆಸ್ಪತ್ರೆಯ ವಿಮಾ ಕೌಂಟರಿನಲ್ಲಿ

ಕಂಪನಿಯಲ್ಲಿದ್ದಾಗ ಸಹಾಯಕ್ಕೆ ಎಚ್‌ಆರ್ ಇತ್ತು. ಈಗ ಎಲ್ಲವೂ ನೀವೇ. ಮೊದಲೇ ಗೊತ್ತಿರುವ ಶಸ್ತ್ರಚಿಕಿತ್ಸೆಗೆ ಎರಡು ಮೂರು ದಿನ ಮುಂಚೆ, ತುರ್ತಿನಲ್ಲಿ ದಾಖಲಾದ 24 ಗಂಟೆಯೊಳಗೆ ವಿಮಾ ಕಂಪನಿಗೆ ಅಥವಾ ಅದರ ಪರವಾಗಿ ಕ್ಲೇಮು ನೋಡಿಕೊಳ್ಳುವ ಸಂಸ್ಥೆಗೆ (ಟಿಪಿಎ) ತಿಳಿಸಬೇಕು. ಕ್ಯಾಶ್‌ಲೆಸ್ (ಬಿಲ್ಲನ್ನು ವಿಮಾ ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುವ ವ್ಯವಸ್ಥೆ) ಫಾರಂನಲ್ಲಿ ಒಂದು ಭಾಗ ನಿಮ್ಮದು, ಇನ್ನೊಂದನ್ನು ವೈದ್ಯರು ತುಂಬುತ್ತಾರೆ. ಕಾಯಿಲೆ ಎಷ್ಟು ದಿನದಿಂದ ಇದೆ ಎಂದು ಅವರು ಬರೆದದ್ದನ್ನು ಕಳಿಸುವ ಮುನ್ನ ನೋಡಿ. ಐಆರ್‌ಡಿಎಐನ 2024ರ ಮೇ 29ರ ಸುತ್ತೋಲೆಯ ಪ್ರಕಾರ ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ ಉತ್ತರ ಬರಬೇಕು. ಡಿಸ್ಚಾರ್ಜ್ ಸಮಯದ ಅಂತಿಮ ಒಪ್ಪಿಗೆ ಮೂರು ಗಂಟೆಯೊಳಗೆ ಬರಬೇಕು. ತಡವಾಗಿ ಆಸ್ಪತ್ರೆ ಹೆಚ್ಚುವರಿ ಬಾಡಿಗೆ ಹಾಕಿದರೆ ಅದನ್ನು ವಿಮಾ ಕಂಪನಿಯೇ ಭರಿಸಬೇಕು. ಅಂತಿಮ ಬಿಲ್ ಎಷ್ಟು ಹೊತ್ತಿಗೆ ಕಳಿಸಿದರು ಎಂದು ಕೌಂಟರಿನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ.

ಕ್ಯಾಶ್‌ಲೆಸ್ ನಿರಾಕರಿಸಿದರೆ ಕ್ಲೇಮು ಮುಗಿಯಿತು ಎಂದಲ್ಲ. ಹಣ ಕಟ್ಟಿ ಹೊರಬಂದು ರೀಇಂಬರ್ಸ್‌ಮೆಂಟ್ ಕೇಳಬಹುದು. ವಿವರವಾದ ಬಿಲ್, ಹಣ ಕಟ್ಟಿದ ರಸೀದಿ, ಡಿಸ್ಚಾರ್ಜ್ ಸಮ್ಮರಿ, ಪ್ರತಿ ಔಷಧದ ಬಿಲ್ಲಿಗೆ ಹೊಂದುವ ವೈದ್ಯರ ಚೀಟಿ, ಪರೀಕ್ಷಾ ವರದಿಗಳು, ಇಂಪ್ಲಾಂಟ್ ಹಾಕಿದ್ದರೆ ಅದರ ಸ್ಟಿಕ್ಕರ್, ರದ್ದು ಮಾಡಿದ ಚೆಕ್ಕು ಬೇಕು. ಅಪಘಾತವಾದರೆ ಎಂಎಲ್‌ಸಿ (ಪೊಲೀಸರಿಗೆ ತಿಳಿಸಲು ಆಸ್ಪತ್ರೆ ಮಾಡುವ ದಾಖಲೆ) ಪ್ರತಿಯೂ ಸೇರಲಿ. ಕೊಡುವ ಮೊದಲು ಎಲ್ಲದರ ಸ್ಕ್ಯಾನ್ ಇಟ್ಟುಕೊಳ್ಳಿ. ಕೈಗವಸು, ಮಾಸ್ಕ್, ಡಯಾಪರ್, ನೆಬ್ಯುಲೈಸರ್ ಕಿಟ್‌ನಂಥವು ವಿಮೆ ಸಾಮಾನ್ಯವಾಗಿ ಹಣ ಕೊಡದ 68 ಬಾಬುಗಳ ಪಟ್ಟಿಯಲ್ಲಿವೆ. ಇವಕ್ಕೂ ಹಣ ಕೊಡುವ ಕನ್ಸ್ಯೂಮಬಲ್ಸ್ ರೈಡರ್ ಎಂಬ ಹೆಚ್ಚುವರಿ ಸೌಲಭ್ಯ ಇರದಿದ್ದರೆ ಅವುಗಳ ಹಣ ನಿಮ್ಮದೇ.

ಜ್ವರವೆಂದು ದಾಖಲಾಗಿ ಬರೀ ಪರೀಕ್ಷೆ ಮಾಡಿಸಿಕೊಂಡು ಮಾತ್ರೆ ನುಂಗಿ ಹೊರಬಂದರೆ, 'ದಾಖಲಾಗುವ ಅಗತ್ಯವಿರಲಿಲ್ಲ, ತಪಾಸಣೆಗಷ್ಟೇ ದಾಖಲು' ಎಂಬ ಕಾರಣ ಕೊಟ್ಟು ತಿರಸ್ಕರಿಸುವುದು ಸಾಮಾನ್ಯ. ಯಾಕೆ ದಾಖಲು ಮಾಡಬೇಕಾಯಿತು, ಪ್ಲೇಟ್‌ಲೆಟ್ ಎಷ್ಟಿತ್ತು, ರಕ್ತನಾಳದ ಮೂಲಕ ಏನು ಕೊಟ್ಟರು ಎಂಬುದು ಡಿಸ್ಚಾರ್ಜ್ ಸಮ್ಮರಿಯಲ್ಲಿ ಸ್ಪಷ್ಟವಾಗಿರಲಿ ಎಂದು ವೈದ್ಯರನ್ನು ಕೇಳಿಕೊಳ್ಳಿ. ಆಸ್ಪತ್ರೆ ಬಿಡುವ ಮೊದಲು ಕೇಳಿದರೆ ಐದು ನಿಮಿಷದ ಕೆಲಸ.

ತಿರಸ್ಕಾರದ ಪತ್ರ ಬಂದರೆ ಅದರಲ್ಲಿ ಪಾಲಿಸಿಯ ಯಾವ ಷರತ್ತಿನಡಿ ಎಂದು ಇರಲೇಬೇಕು. ಕಂಪನಿಯ ಕ್ಲೇಮು ಪರಿಶೀಲನಾ ಸಮಿತಿಯ ಒಪ್ಪಿಗೆ ಇಲ್ಲದೆ ತಿರಸ್ಕರಿಸುವಂತೆಯೂ ಇಲ್ಲ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ಕೊಡಿ. ಜೊತೆಗೇ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ದಾಖಲಿಸಬಹುದು, 155255ಕ್ಕೆ ಕರೆ ಮಾಡಿಯೂ ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ದೂರುಗಳನ್ನು ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಿ. ಕರ್ನಾಟಕದವರಿಗೆ ಅದರ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಡ, 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯ ಕೇಳುತ್ತಾರೆ. ಕಂಪನಿಯ ಅಂತಿಮ ಉತ್ತರ ಬಂದ ಒಂದು ವರ್ಷದೊಳಗೆ ದೂರು ಸಲ್ಲಬೇಕು. ತೀರ್ಪು ನಿಮ್ಮ ಪರ ಬಂದರೆ ಕಂಪನಿ 30 ದಿನದೊಳಗೆ ಪಾಲಿಸಬೇಕು, ತಪ್ಪಿದರೆ ದಿನಕ್ಕೆ 5,000 ರೂಪಾಯಿಯಂತೆ ದೂರುದಾರರಿಗೆ ದಂಡ ಕೊಡಬೇಕು.